ಕೊಪ್ಪರಿಗೆಯ ಮುಂದೆ ಮನನ

ಶಶಿರೇಖಾಳ ಹಣೆಗೆ ಕಟ್ಟಿದ್ದ ಮನನಪಟ್ಟಿ ಬೆಳಗಿನಿಂದ ಒಮ್ಮೆಯೂ ಮಿನುಗಿರಲಿಲ್ಲ.

ಪಟ್ಟಿಯ ಕೆಲಸ ಸರಳ. ಮಾಡಿದ ಕೆಲಸವನ್ನು ಮನಸ್ಸು ಹಿಂತಿರುಗಿ ನೋಡಿ, ಹೀಗೇಕಾಯಿತು, ಹೇಗೆ ಮಾಡಬೇಕಿತ್ತು ಎಂದು ತೂಗುವಾಗ ಮಿದುಳಿನಲ್ಲಿ ಒಂದು ಬಗೆಯ ಅಲೆ ಏಳುತ್ತದೆ. ಪಟ್ಟಿ ಅದನ್ನು ಹಿಡಿದು, ನೀಲಿಯಾಗಿ ಮಿನುಗಿ, ನಿಮಿಷಗಳನ್ನು ಎಣಿಸುತ್ತದೆ. ಪದವೀಧರರು ಮೂರು ತಿಂಗಳು ಕಸುಬಿನವರ ಬಳಿ ದುಡಿದು ಅರವತ್ತು ಗಂಟೆಗಳ ಮನನ ತೋರಿಸಿದರೆ ಮಾತ್ರ ವಿಶ್ವವಿದ್ಯಾಲಯ ಉದ್ಯೋಗಾರ್ಹತಾ ಪತ್ರ ಕೊಡುತ್ತಿತ್ತು. ಪತ್ರವಿಲ್ಲದವರ ಅರ್ಜಿಯನ್ನು ಯಾವ ಕಚೇರಿಯೂ ಬಿಚ್ಚಿ ನೋಡುತ್ತಿರಲಿಲ್ಲ.

ರಸಾಯನಶಾಸ್ತ್ರ ಓದಿದ ಶಶಿರೇಖಾ ಪುಟ್ಟಮಾದಣ್ಣನ ಆಲೆಮನೆಗೆ ಬಂದಳು. ಮೊದಲ ತಿಂಗಳು ಪಟ್ಟಿ ಮಿಣಮಿಣ ಎನ್ನುತ್ತಲೇ ಇತ್ತು. ಬೆಲ್ಲವೂ ಕೆಡುತ್ತಲೇ ಇತ್ತು. ಮೂರನೆಯ ತಿಂಗಳಿಗೆ ಕೈ ಕುದುರಿತು. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರೆ ಸಾಕು, ಹದ ತಿಳಿಯುತ್ತಿತ್ತು. ಪಟ್ಟಿ ಕಣ್ಣು ಮುಚ್ಚಿತು. ಇಂದು ಕೊನೆಯ ದಿನ. ಇನ್ನೂ ಹನ್ನೆರಡು ನಿಮಿಷ ಕೊರತೆ.

ಪಟ್ಟಿಯನ್ನು ಕಂಡುಹಿಡಿದ ಡಾಕ್ಟರ್ ವಾದಿರಾಜರೇ ತಪಾಸಣೆಗೆ ಬಂದು, ಒಲೆಯ ಝಳಕ್ಕೆ ಹೆದರಿ ನಾಲ್ಕು ಮಾರು ದೂರ ನಿಂತಿದ್ದರು.

"ನಿಮ್ಮ ಕಲಿಕೆ ನಿಂತುಹೋಗಿದೆಯಮ್ಮಾ."

"ನಿಂತಿಲ್ಲ ಸಾರ್, ಕೈಗೆ ಬಂದಿದೆ! ನನ್ನ ಜೊತೆ ಬಂದವನು ಮೂರು ಕೊಪ್ಪರಿಗೆ ಪಾಕ ಸೀಯಿಸಿದ. ಅವನಿಗೆ ಎಪ್ಪತ್ತು ಗಂಟೆ ಕೊಟ್ಟಿದ್ದೀರಿ."

"ತಪ್ಪು ಮಾಡಿದವರು ಹೆಚ್ಚು ಯೋಚಿಸುತ್ತಾರೆ. ಅದು ಯಂತ್ರದ ದೋಷವಲ್ಲ."

ಪುಟ್ಟಮಾದಣ್ಣನಿಗೆ ತಡೆಯಲಾಗಲಿಲ್ಲ. "ಅಲ್ಲ ಬುದ್ಧೀ, ನಡೆಯೋದು ಕಲ್ತ ಮಗ ಹೆಜ್ಜೆಹೆಜ್ಜೆಗೂ ನಿಂತ್ಕಂಡು ಯೋಚ್ನೆ ಮಾಡ್ತದಾ? ಇತ್ತ ತನ್ನಿ, ನನ್ ತಲೆಗೂ ಒಂದು ಕಟ್ಟಿ."

ಕಟ್ಟಿದರು. ಅವನು ಅರ್ಧ ಗಂಟೆ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟಿದ, ನೊರೆ ತೆಗೆದ. ಪಟ್ಟಿ ಸೊನ್ನೆ ತೋರಿಸಿತು.

"ಮೂವತ್ತು ವರ್ಸದಿಂದ ನಾನೇನೂ ಕಲ್ತೇ ಇಲ್ಲ ಕಣವ್ವ!" ಎಂದು ಅದನ್ನು ಕಿತ್ತು ಕೊಟ್ಟ. ಅಷ್ಟರಲ್ಲಿ ಗಾಣದ ಬೆಲ್ಟು ಜಾರಿತು. "ಪಾಕ ನಿಂಗೇ ಬಿಟ್ಟಿವ್ನಿ, ನೋಡ್ಕೊ," ಎಂದು ಅತ್ತ ಓಡಿದ.

ಡಾಕ್ಟರರು ಹತ್ತಿರ ಬಂದು ದನಿ ತಗ್ಗಿಸಿದರು. "ಇದೊಂದು ಕೊಪ್ಪರಿಗೆ ಹದ ತಪ್ಪಲಿ. ಆಮೇಲೆ ಕೂತು ಯೋಚಿಸಿ. ಹನ್ನೆರಡು ನಿಮಿಷ ತಾನೇ?"

ಆ ಕೊಪ್ಪರಿಗೆಯ ಕಬ್ಬು ಊರಿನ ದೇವೀರಮ್ಮನದು, ಇದ್ದದ್ದೇ ಒಂದು ಗಾಡಿ. ಅವಳು ಗಾಣದ ಪಕ್ಕದಲ್ಲೇ ಕೂತಿದ್ದಳು. ಮಗಳ ಬಾಣಂತನಕ್ಕೆ ಬೆಲ್ಲ ಬೇಕಿತ್ತು.

ಶಶಿರೇಖಾಳ ಮೈಯೆಲ್ಲ ಉರಿಯಿತು. ಎಂಥ ಮಾತು! ಇನ್ನೊಬ್ಬರ ಅನ್ನಕ್ಕೆ ಮಣ್ಣು ಹಾಕಿ ನಾನು ಕಲಿತದ್ದನ್ನು ತೋರಿಸಬೇಕೆ? ಮಾಡಿದ ಒಂದೊಂದು ಕೊಪ್ಪರಿಗೆಯೂ ನೆನಪಾಯಿತು: ಯಾವುದು ಏಕೆ ಕೆಟ್ಟಿತು, ಯಾವ ದಿನ ಕೈಗೆ ತಾನಾಗಿ ಗೊತ್ತಾಯಿತು. ಸೀಯಿಸಲಾರೆ. ಸೀಯಿಸದಿದ್ದರೆ ಪತ್ರವಿಲ್ಲ. ಪತ್ರವಿಲ್ಲದೆ ಮನೆಗೆ ಹೇಗೆ ಹೋಗಲಿ? ಸೌಟು ಹಿಡಿದ ಕೈ ಹಾಗೇ ನಿಂತಿತ್ತು. ಹಣೆಯ ಮೇಲೆ ನೀಲಿ ಬೆಳಕು ಮಿನುಗತೊಡಗಿದ್ದು ಅವಳಿಗೆ ಕಾಣಲಿಲ್ಲ. ಡಾಕ್ಟರರ ಕಣ್ಣು ಪಟ್ಟಿಯಲ್ಲಿ ಏರುತ್ತಿದ್ದ ಅಂಕಿಗಳ ಮೇಲೇ ನೆಟ್ಟಿತ್ತು.

"ಅಯ್ಯೋ, ಸೀದ ವಾಸ್ನೆ ಕಣ್ರಪ್ಪೋ!" ದೇವೀರಮ್ಮ ಕೂಗಿದಳು.

ಪುಟ್ಟಮಾದಣ್ಣ ಆಳುಗಳೊಂದಿಗೆ ಓಡಿ ಬಂದು ಕೊಪ್ಪರಿಗೆ ಇಳಿಸುವಷ್ಟರಲ್ಲಿ ಪಾಕ ಕರ್ರಗಾಗಿತ್ತು.

"ಹದಿನಾಲ್ಕು ನಿಮಿಷ!" ಡಾಕ್ಟರರು ಹಿಗ್ಗಿ ಕೈ ಚಾಚಿದರು. "ತೇರ್ಗಡೆಯಾದಿರಿ. ಅಭಿನಂದನೆಗಳು!"

ಆ ಕಡೆ ದೇವೀರಮ್ಮ, "ಹಸೀ ಬಾಣಂತಿಗೆ ನಾನೇನಣ್ಣ ಕೊಡ್ಲಿ?" ಎಂದು ಪುಟ್ಟಮಾದಣ್ಣನನ್ನು ಕೇಳುತ್ತಿದ್ದಳು.

ಶಶಿರೇಖಾ ಪಟ್ಟಿ ಬಿಚ್ಚಿ ಆ ಚಾಚಿದ ಕೈಯಲ್ಲಿಟ್ಟಳು.

"ಅಗೋ, ದೇವೀರಮ್ಮ ಅಲ್ಲಿ ಕೂತಿದ್ದಾರಲ್ಲ ಸಾರ್. ನಾನು ತೇರ್ಗಡೆಯಾದೆ ಅಂತ ಹೋಗಿ ಅವರಿಗೆ ಹೇಳಿ."

ಡಾಕ್ಟರರು ನಿಂತಲ್ಲಿಂದ ಕದಲಲಿಲ್ಲ.