ಬೆಸೆದ ಚಿರತೆ

“ಅದನ್ನ ಹಂಗೇ ಬಿಡು ಅಳಿಯ,” ಎಂದ ಮುದುಕ ಟೋಕ್ನಾ, ಬೆಣ್ಣೆ ತೇಲುವ ಉಪ್ಪು ಚಹಾದ ಬಟ್ಟಲನ್ನು ಕೆಳಗಿಡುತ್ತ. “ಸತ್ತೋರಿಗೆ ಬಟ್ಟಲಾದ್ರೂ ಲಗಾಮಾದ್ರೂ ನಾವು ಮುರಿದೇ ಕೊಡೋದು. ಮುರಿದದ್ದು ಆ ಕಡೇದು. ಕೂಡಿಸಿದ್ರೆ ಈ ಕಡೆಗೆ ಬರುತ್ತೆ.”

ಸನಾಶ್ ನಕ್ಕ. ಕಲ್ಲುಗೋರಿಯ ಬುಡದಲ್ಲಿ ಬಿಲ ತೋಡಿದ ಯಾವುದೋ ಪ್ರಾಣಿ ಹೊರಗೆಸೆದ ಮಣ್ಣಿನಲ್ಲಿ ಅವನಿಗೆ ಸಿಕ್ಕಿದ್ದು ಹಸಿರುಗಟ್ಟಿದ ಎರಡು ಕಂಚಿನ ತುಂಡು. ಒಂದರಲ್ಲಿ ಮೈ ಸುರುಳಿ ಸುತ್ತಿ ಬಾಯ್ದೆರೆದ ಚಿರತೆ. ಇನ್ನೊಂದರಲ್ಲಿ ಕುದುರೆ, ಅದರ ಹಿಂಗಾಲುಗಳು ಆಕಾಶಕ್ಕೆ ತಿರುಚಿಕೊಂಡಿದ್ದವು.

ಪೇಟೆಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದವನು ಅಲ್ತಾಯ್ ಬೆಟ್ಟದ ಈ ಕುದುರೆಗಾಹಿಗಳ ಬೀಡಿಗೆ ಮನೆಅಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಹಾಲು ಕರೆಯುವಾಗ ಮಾವ ಎಲ್ಲರೆದುರು, ನಮ್ಮ ಅಳಿಯನಿಗಿಂತ ಕುದುರೆ ಕಟ್ಟೋ ಹಗ್ಗಾನೇ ಹೆಚ್ಚು ದುಡಿಯುತ್ತೆ ಅಂದಿದ್ದ. ಹೆಂಗಸರೂ ನಕ್ಕಿದ್ದರು. ಆ ನಗು ಇನ್ನೂ ಅವನ ಕಿವಿಯಲ್ಲಿ ಉರಿಯುತ್ತಿತ್ತು.

ತುಂಡುಗಳನ್ನು ಬೆಸೆದ. ಕಾದ ತವರದ ಕಮಟು ಗುಡಾರ ತುಂಬಿತು. ಚಿರತೆಯ ಹಲ್ಲು ಕುದುರೆಯ ಬೆನ್ನಿಗೆ ಸರಿಯಾಗಿ ಕೂತಿತು. ಅದನ್ನು ಹೆಂಡತಿಯ ಗಬ್ಬದ ಹೆಣ್ಣುಕುದುರೆಯ ಹಣೆಪಟ್ಟಿಗೆ ಬಿಗಿದ.

“ನಿಮ್ಮ ಸಿಟ್ಟಿಗೆ ನನ್ನ ಕುದುರೆ ಯಾಕೆ?” ಎಂದಳು ಎರ್ಕೆಲೆ. ಅಪ್ಪ ಅವಳಿಗೆಂದು ಕೊಟ್ಟದ್ದು ಅದೊಂದೇ. ಬೀಡಿನವರೆಲ್ಲ ನೋಡಲೆಂದೇ ಅವನು ಏರಿ ಹೊರಟ.

ಕಣಿವೆಗೆ ಇಳಿಯುತ್ತಲೇ ಮಂಜು ಮುಚ್ಚಿತು. ಹಕ್ಕಿಗಳ ಸದ್ದಡಗಿತು. ಒದ್ದೆ ಬೆಕ್ಕಿನ ಮೈಯ, ಹಳೆಯ ರಕ್ತದ ನಾತ. ಕುದುರೆ ನಡುಗಿತು. ಅವನ ಬೆನ್ನ ಹಿಂದೆ ಏನೋ ಭಾರವಾಗಿ ಕೂತಿತು. ಕತ್ತಿಗೆ ಬಿಸಿಯುಸಿರು. ತಿರುಗಿದ. ಯಾರೂ ಇಲ್ಲ. ತಡಿಯ ಕೆಳಗೆ ಕೈಯಿಟ್ಟ. ರಕ್ತ. ಹಾರಿ ಇಳಿದ. ಕುದುರೆ ಉರುಳಿತು. ಹಿಂಗಾಲು ಮೇಲಕ್ಕೆ ತಿರುಚಿಕೊಂಡವು. ಕಂಚಿನಲ್ಲಿದ್ದ ಹಾಗೆಯೇ.

ಹಣೆಪಟ್ಟಿ ಕಿತ್ತ. ಬಂಡೆಯ ಮೇಲಿಟ್ಟು ಕಲ್ಲೆತ್ತಿ ಜಜ್ಜಿದ. ಮಾವನನ್ನು ಬೈಯುತ್ತ ಜಜ್ಜಿದ. ಬೆಸುಗೆ ಬಿಟ್ಟಿತು. ಕಂಚಿನ ಕುದುರೆ ಸಿಡಿದು ಕೊರಕಲಿಗೆ ಬಿತ್ತು. ಹೆಣ್ಣುಕುದುರೆ ಎದ್ದು ಮನೆಯತ್ತ ಓಡಿತು.

ಅವನು ನಡೆದು ಬೀಡು ಮುಟ್ಟಿದಾಗ ಎರ್ಕೆಲೆ ಕುದುರೆಯ ಬೆನ್ನಿನ ಗಾಯ ತೊಳೆಯುತ್ತಿದ್ದಳು. ಹೊಟ್ಟೆಯೊಳಗಿನ ಮರಿ ಮಿಸುಕುತ್ತಿತ್ತು. ಸನಾಶ್ ಗೆದ್ದವನಂತೆ ಮಾವನೆದುರು ಮುಷ್ಟಿ ಬಿಚ್ಚಿ ಚಿರತೆಯ ತುಂಡು ತೋರಿಸಿದ.

“ಮುರಿದು ತಂದಿದೀನಿ. ಈಗೇನಂತೀರಿ ಮಾವ?”

“ಅದರ ಬಾಯಲ್ಲಿದ್ದ ಕುದುರೆ?”

“ಕೊರಕಲಿಗೆ ಹೋಯ್ತು.”

ಮುದುಕ ಅಂಗೈ ನೋಡಿದ. ಬೆಳಿಗ್ಗೆ ತೆರೆದಿದ್ದ ಚಿರತೆಯ ಬಾಯಿ ಮುಚ್ಚಿತ್ತು.

ಮುದುಕ ಒಳಗೆ ಹೋಗಿ ಸನಾಶನ ಚಹಾದ ಬಟ್ಟಲು ತಂದು ಒಲೆಗಲ್ಲಿಗೆ ಹೊಡೆದು ಒಡೆದ. ಅವನ ಬಾರುಕೋಲನ್ನು ಮೊಣಕಾಲಿಗಿಟ್ಟು ಮುರಿದ. ಎರ್ಕೆಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ನನ್ನ ಸಾಮಾನು ಯಾಕೆ ಮುರೀತೀರಿ?” ಎಂದು ಗದರುತ್ತಿದ್ದವನ ಕತ್ತಿನ ಹಿಂದಿನಿಂದ ಬೆನ್ನಿಗೆ ಬಿಸಿಯಾಗಿ ಏನೋ ಇಳಿಯತೊಡಗಿತು.