ಹಿಂದೆ ಬಿದ್ದ ಒಂದು ಗಂಟೆ

2024ರ ನವೆಂಬರ್ 22, ಶುಕ್ರವಾರ ಬೆಳಿಗ್ಗೆ ತರಾಜ್ ಊರಾಚೆಯ ಠಾಣೆಗೆ ಲಾಯದ ಯಜಮಾನ ಕಬ್ದೊಲ್ಲ ಬಂದು ದೂರು ಕೊಟ್ಟ. ಹಿಂದಿನ ಸಂಜೆ ತೊರಿ ಎಂಬ ಅವನ ಕುದುರೆ ಕಳುವಾಗಿತ್ತು. ಓಟ ನಿಲ್ಲಿಸಿದ ಮುದಿಕುದುರೆ. ಚಳಿಗಾಲದ ಮಾಂಸಕ್ಕೆಂದು ಆ ಭಾನುವಾರ ಕಡಿಯುವುದಿತ್ತು. ಇನ್‌ಸ್ಪೆಕ್ಟರ್ ಶೋಲ್ಪಾನ್ ಎಫ್‌ಐಆರ್ ದಾಖಲಿಸಿ ಸ್ಥಳ ಪಂಚನಾಮೆಗೆ ಹೊರಟಳು.

ಲಾಯದ ಗೇಟು ಕಾರ್ಡು ತೋರಿಸಿದರೆ ತೆರೆಯುವಂಥದ್ದು. ಗುರುವಾರ ನಾಲ್ಕು ಗಂಟೆಗೆ ಅದು ತೆರೆದದ್ದು ಕುದುರೆ ನೋಡಿಕೊಳ್ಳುವ ಮುದುಕ ತೊಕ್ತಾರ್‌ನ ಕಾರ್ಡಿನಿಂದ ಎಂದು ಅಲ್ಲಿನ ಕಂಪ್ಯೂಟರ್ ತೋರಿಸಿತು. ಮುದುಕನನ್ನು ಠಾಣೆಗೆ ಕರೆತಂದರು.

"ನಾಲ್ಕಕ್ಕೆ ಎಲ್ಲಿದ್ದೆ?"

"ಕಾರ್ಡು ಮೊಳೆಗೆ ಹಾಕಿ, ನಡ್ಕೊಂಡು ತಿಥಿ ಊಟಕ್ಕೆ ಹೊರಟಿದ್ದೆ ಮಗಳೇ. ಆರಕ್ಕೆ ಅಲ್ಲಿ ಕೂತಿದ್ದೆ."

"ಹಳೇ ಟೈಮೋ, ಹೊಸ ಟೈಮೋ ಅಜ್ಜಾ?" ಪೇದೆ ದೌಲೆತ್ ಕೇಳಿದ. ಮಾರ್ಚಿನಲ್ಲಿ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಅದು.

"ಹಳೇದು. ನನಗೆ ಹೊಸ ಟೈಮಿಗೆ ಹಸಿವಾಗಲ್ಲ."

ಅಂದರೆ ಹೊಸ ಟೈಮಿನ ಐದಕ್ಕೆ ಊಟದಲ್ಲಿದ್ದ, ಊರೇ ನೋಡಿತ್ತು. ನಾಲ್ಕಕ್ಕೆ ಮಾತ್ರ ಒಬ್ಬ ಸಾಕ್ಷಿಯೂ ಇರಲಿಲ್ಲ. ಮುದುಕನನ್ನು ಲಾಕಪ್ಪಿಗೆ ಹಾಕುವಾಗ ಶೋಲ್ಪಾನ್‌ಗೆ ಸಂಕಟವಾಯಿತು. ಆದರೆ ಕಾಗದ ಒಂದು ಹೇಳುತ್ತಿರುವಾಗ ಮನಸ್ಸು ಇನ್ನೊಂದು ಹೇಳಿದರೆ ಕೇಳುವವರು ಯಾರು?

ಆ ಗೇಟು ಕೂರಿಸಿದ್ದ ರೈಖಾನ್ ಮಧ್ಯಾಹ್ನ ಲಾಯಕ್ಕೆ ಬಂದು ಕಂಪ್ಯೂಟರ್ ತೆರೆದಳು.

"ಗೇಟು ತೆರೆದಾಗೆಲ್ಲ ಈ ಪ್ರೋಗ್ರಾಮು ದೂರದ ಇನ್ನೊಂದು ಕಂಪ್ಯೂಟರ್ ಹತ್ರ 'ಈಗ ಗಂಟೆ ಎಷ್ಟು' ಅಂತ ಕೇಳ್ತದೆ ಮೇಡಂ. ಬಂದ ಉತ್ತರಾನ ಒಳಗೆ ಬರೆದಿಟ್ಕೊಳ್ತದೆ. ಪರದೆ ಮೇಲೆ ಕಾಣೋದು ಈ ಕಂಪ್ಯೂಟರಿನ ಟೈಮು ಅಷ್ಟೇ."

"ದೂರದ್ದು ಎಷ್ಟು ಅಂದಿದೆ?"

"ಐದು."

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಕಬ್ದೊಲ್ಲನ ಅಕ್ಕನ ಮಗ ಎರ್ದೆನ್. ನಾಲ್ಕಕ್ಕೆ ಅವನು ಪೇಟೆಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ.

"ಒಂದು ಗಂಟೆ ವ್ಯತ್ಯಾಸ ಹೇಗೆ ಬಂತು?" ಎಂದು ಶೋಲ್ಪಾನ್ ಅವನನ್ನು ಕರೆಸಿ ಕೇಳಿದಳು.

"ದೇಶದ ಟೈಮೇ ಬದಲಾಯ್ತಲ್ಲ ಮೇಡಂ. ಪಾಪ, ಅದಿನ್ನೂ ಹಳೇ ಟೈಮಲ್ಲೇ ಇರಬೇಕು."

"ಹಳೇ ಟೈಮಲ್ಲಿದ್ರೆ ಒಂದು ಗಂಟೆ ಮುಂದಿರಬೇಕು. ಆರು ಅನ್ನಬೇಕಿತ್ತು. ನಿಂದು ನಾಲ್ಕು ಅಂತಿದೆ."

ಶೋಲ್ಪಾನ್ ಪರದೆಯನ್ನು ಎರ್ದೆನ್ ಕಡೆ ತಿರುಗಿಸಿದಳು.

"ಯಾರ ಕೈ ಅದನ್ನ ಹಿಂದಕ್ಕೆ ತಿರುಗಿಸ್ತು?"

"ನಂದೇ," ಎಂದ. "ನಾಲ್ಕಕ್ಕೆ ನಾನು ಡಾಕ್ಟರ ಹತ್ರ ಇದ್ದೆ ಅಂತ ತೋರಿಸಬಹುದಿತ್ತು. ಆ ಗಂಟೆ ಅಜ್ಜನ ತಲೆ ಮೇಲೆ ಬೀಳುತ್ತೆ ಅಂತ ಹೊಳೀಲಿಲ್ಲ. ಕಣ್ಣಿಗೆ ಸಿಕ್ಕ ಕಾರ್ಡು ತಗೊಂಡೆ."

ಸಂಜೆ ತೊರಿ ಹದಿನೈದು ಮೈಲಿ ಆಚೆ ಎರ್ದೆನ್‌ನ ಗೆಳೆಯನೊಬ್ಬನ ದೊಡ್ಡಿಯಲ್ಲಿ ಸಿಕ್ಕಿತು. ಎರ್ದೆನ್‌ನನ್ನು ಬಂಧಿಸಿದರು. ಬಿಡುಗಡೆಯಾದ ತೊಕ್ತಾರ್ ಅವನ ಮುಂದೆ ಒಂದು ಗಳಿಗೆ ನಿಂತು ಹೊರಟುಹೋದ. ಹುಡುಗ ಅತ್ತದ್ದು ಆಗಲೇ.

"ಅಕ್ಕನ ಮಗ ಮೂರು ಸಲ ಏನು ಕೇಳಿದ್ರೂ ಮಾವ ಇಲ್ಲ ಅನ್ನೋ ಹಾಗಿಲ್ಲ," ಎಂದಳು ಶೋಲ್ಪಾನ್. "ಪದ್ಧತಿ ಇದೆಯಲ್ಲ. ಕುದುರೇನ ಕೇಳಬಾರದಿತ್ತಾ?"

"ಮೂರೂ ಮುಗಿದಿತ್ತು. ಜೀನು, ಫೋನು, ಬೈಕು. ತೊರಿ ಮೇಲೇ ಸವಾರಿ ಕಲಿತವನು ನಾನು. ಅದನ್ನ ಕೇಳಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಅಷ್ಟರಲ್ಲಿ ಕಬ್ದೊಲ್ಲ ಕುದುರೆ ಒಯ್ಯಲು ಹಗ್ಗ ಹಿಡಿದು ಬಂದ. ಶೋಲ್ಪಾನ್ ಜಪ್ತಿ ಪಂಚನಾಮೆಗೆ ಸಹಿ ಹಾಕಿದಳು.

"ಒಯ್ದು ಸಾಕಿಕೊಳ್ಳಿ. ಇದು ಈಗ ಮುದ್ದೆಮಾಲು, ಕೋರ್ಟಿಗೆ ತೋರಿಸೋ ಸಾಕ್ಷ್ಯ. ಕೇಸು ಮುಗಿಯೋವರೆಗೆ ಜೀವಂತ ಇರಬೇಕು."

"ಯಾವಾಗ ಮುಗಿಯುತ್ತೆ ಮೇಡಂ?"

"ನಮ್ಮ ಕೋರ್ಟು ಗೊತ್ತಲ್ಲ," ಎಂದಳು. "ಕುದುರೆಗೆ ವಯಸ್ಸೆಷ್ಟು?"