ಟಾರ್ಪಿಡೊ ಬೋಟಿನ ಸಿಳ್ಳೆ

೧೯೫೮ರ ಮಳೆಗಾಲ. ನಂದಿದುರ್ಗದ ಕೂಲಿಗಳ ಲೈನುಮನೆಗಳಾಚೆಯ ಹಳೇ ಚಿನ್ನದ ಗಣಿಗೆ ಬೆಳಗ್ಗೆ ನೀರು ನುಗ್ಗಿತು. ಎಲ್ಲರೂ ಮೇಲೆ ಬಂದರು, ಆಂಜಿನಪ್ಪನೊಬ್ಬ ಬರಲಿಲ್ಲ. ಇಳಿಯುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಶಾಫ್ಟಿನ, ಅಂದರೆ ಗಣಿಬಾವಿಯ, ಬಾಯಲ್ಲಿ ನೇತುಹಾಕಿ, ಹತ್ತಿ ಬಂದಮೇಲೆ ತೆಗೆದುಕೊಳ್ಳಬೇಕು. ಮೊಳೆಯಲ್ಲಿ ಅವನ ಬಿಲ್ಲೆ ಹಾಗೇ ಉಳಿದಿತ್ತು.

"ಡ್ರಮ್ಮು ಕಟ್ಟಿ ತೆಪ್ಪ ಮಾಡ್ಸಿವ್ನಿ," ಅಂದ ಜಯರಾಮಪ್ಪ ಮೇಸ್ತ್ರಿ. "ಸೀನಪ್ಪ ಬತ್ತಾನೆ. ನೀರ ಮ್ಯಾಲೆ ಕೆಲ್ಸ ಮಾಡಿರೋನು ಈ ಊರಾಗೆ ನೀನೊಬ್ನೇ. ಬತ್ತೀಯೇನಯ್ಯಾ?"

ಕುಪ್ಪುಸ್ವಾಮಿ ಆಗಲೇ ತಲೆಗೆ ದೀಪ ಕಟ್ಟಿಕೊಳ್ಳುತ್ತಿದ್ದ.

ಯುದ್ಧಕಾಲದಲ್ಲಿ ಅವನು ಬರ್ಮಾ ಕರಾವಳಿಯಲ್ಲಿ ಟಾರ್ಪಿಡೊ ಬೋಟೊಂದರ ಇಂಜಿನ್ ನೋಡಿಕೊಂಡಿದ್ದವನು. ಮರದ ಹಲಗೆಯ ಬೋಟು. ಹೊಟ್ಟೆ ತುಂಬ ಪೆಟ್ರೋಲು, ಇಕ್ಕೆಲದಲ್ಲಿ ಹಡಗು ಒಡೆಯುವ ಟಾರ್ಪಿಡೊ. ಕತ್ತಲಾದಮೇಲೆ ಹೊರಟು, ಹಿನ್ನೀರಿನ ಬಾಯಲ್ಲಿ ಇಂಜಿನ್ ನಿಲ್ಲಿಸಿ, ಶತ್ರುವಿನ ದೋಣಿಗಳಿಗಾಗಿ ಉಸಿರು ಬಿಗಿಹಿಡಿದು ಕಾಯುವುದು ಅದರ ಕೆಲಸ. ದಡಕ್ಕೆ ಇಳಿಸಿದ ಆಳುಗಳನ್ನು ವಾಪಸು ಕರೆಯಲು, ಅವರು ಉತ್ತರ ಕೊಡಲು ಒಂದೇ ಸಿಳ್ಳೆಯಿತ್ತು: ಎರಡು ಗಿಡ್ಡ, ಒಂದು ಉದ್ದ. ಯುದ್ಧ ಮುಗಿದಮೇಲೆ ಇಂಜಿನ್ನುಗಳನ್ನು ಕಿತ್ತು, ತಾಮ್ರದ ಮೊಳೆಗಳಿಗೋಸ್ಕರ ಆ ಬೋಟನ್ನು ದಡದಲ್ಲೇ ಸುಟ್ಟರು. ಜೊತೆಗಿದ್ದವರು ದಿಕ್ಕಾಪಾಲಾದರು.

ಸಮುದ್ರವನ್ನೇ ಕಾಣದ ಊರಲ್ಲಿ ಈ ಕತೆ ಯಾರಿಗೆ ಬೇಕು? ಟೀ ಅಂಗಡಿಯಲ್ಲಿ ಅವನು ಬಾಯಿ ತೆರೆದರೆ ಸಾಕು, "ಬೋಟು ಕುಪ್ಪುಸ್ವಾಮಿ ಲಂಗರು ಎತ್ತಿದ" ಅಂತ ನಕ್ಕು ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಿದ್ದರು. ಅದರಲ್ಲಿ ಈ ಮೇಸ್ತ್ರಿಯೂ ಸೀನಪ್ಪನೂ ಮೊದಲಿಗರು. ಆಂಜಿನಪ್ಪ ಮಾತ್ರ ಕೂತಿರುತ್ತಿದ್ದ. ಗಲ್ಲಕ್ಕೆ ಕೈಕೊಟ್ಟು, "ಆಮೇಲೆ?" ಅನ್ನುತ್ತಿದ್ದ. ಹೆಂಡತಿ ಮಕ್ಕಳಿಲ್ಲದ ಕುಪ್ಪುಸ್ವಾಮಿಗೆ ಆ ಒಂದು ಮಾತೇ ಸಂಸಾರ. ಈಗ ಅದೂ ಹೋದರೆ ತನಗೆ ಯಾರೂ ಇಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಳುಗಳನ್ನು ಇಳಿಸುವ ಕಬ್ಬಿಣದ ಕೇಜು ಮೂವರನ್ನೂ ಹೊತ್ತು ಇಳಿಯಿತು. ಕೆಳಗೆ ಅದಿರು ಬಂಡಿಯ ಹಳಿಗಳ ಮೇಲೆ ಕರೀ ನೀರು ನಿಂತಿತ್ತು. ತೆಪ್ಪ ತಳ್ಳಿ ಮೂವರೂ ಹತ್ತಿದರು. ದೀಪದ ಬೆಳಕು ಬಿದ್ದಲ್ಲಿ ಗೋಡೆಯ ಬಿಳಿಗಲ್ಲು ಒಮ್ಮೆ ಮಿನುಗಿ ಹಿಂದೆ ಸರಿಯುತ್ತಿತ್ತು. ಅದರಾಚೆ ಬರೀ ಕತ್ತಲು, ಬಿಸಿ, ಎಲ್ಲೋ ತೊಟ್ಟಿಕ್ಕುವ ಸದ್ದು. ಎಷ್ಟು ಮುಂದೆ ಹೋದರೂ ಅದೇ ಜಾಗದಲ್ಲಿ ನಿಂತಂತೆ ಅನಿಸುತ್ತಿತ್ತು.

ಸುರಂಗ ಎರಡಾಗಿ ಒಡೆಯಿತು.

"ಎಡಕ್ಕಾ, ಬಲಕ್ಕಾ?" ಸೀನಪ್ಪ ಕೇಳಿದ.

"ನೀರು ಏರ್ತಾ ಐತೆ. ಒಂದು ಕಡೆ ನೋಡೋಕಷ್ಟೇ ಟೈಮು," ಅಂದ ಮೇಸ್ತ್ರಿ.

ಕೂಗಿದರು. ಉತ್ತರವಿಲ್ಲ. ಸಿಕ್ಕಿಕೊಂಡವರು ಗೋಡೆಗೆ ಕಲ್ಲು ಕುಟ್ಟಿ ಸುಳಿವು ಕೊಡುವುದು ಗಣಿಯ ರೂಢಿ. ಆದರೆ ನೀರು ನುಗ್ಗಿದಾಗಿಂದ ಬಂಡೆಯೇ ಎಲ್ಲ ಕಡೆಯೂ ಟಕಟಕ ಅನ್ನುತ್ತಿತ್ತು. ಯಾವುದು ಬಂಡೆ, ಯಾವುದು ಮನುಷ್ಯ?

ಕುಪ್ಪುಸ್ವಾಮಿ ಬಾಯಿಗೆ ಬೆರಳಿಟ್ಟ.

ಸೀನಪ್ಪ ಥಟ್ಟನೆ ಅವನ ಕೈ ಹಿಡಿದ. "ಬ್ಯಾಡಣ್ಣಾ! ಗಣಿಯಾಗೆ ಸಿಳ್ಳೆ ಆಕ್ಬಾರ್ದು. ಬಂಡೆ ಎದ್ಬಿಡ್ತದೆ!"

"ಅದು ಮಲ್ಗಿದ್ರೆ ತಾನೇ ಏಳಾಕೆ? ಬಿಡ್ಲಾ ಕೈನ."

ಬಲಕ್ಕೆ ತಿರುಗಿ ಸಿಳ್ಳೆ ಹಾಕಿದ. ಎರಡು ಗಿಡ್ಡ, ಒಂದು ಉದ್ದ. ಕಾದ. ಏನೂ ಇಲ್ಲ. ಹಿಂದೊಮ್ಮೆ ಬರ್ಮಾದ ಹಿನ್ನೀರಿನಲ್ಲೂ ಹೀಗೇ ಆಗಿತ್ತು. ಜೀವದ ಗೆಳೆಯನೊಬ್ಬ ದಡಕ್ಕಿಳಿದಿದ್ದ. ಬೆಳಗಾಗುವ ತನಕ ಸಿಳ್ಳೆ ಹಾಕಿ, ಉತ್ತರ ಬಾರದೆ ಬೋಟು ಹಿಂದಿರುಗಿತ್ತು. ಅದನ್ನು ಅವನು ಆಂಜಿನಪ್ಪನಿಗೂ ಹೇಳಿರಲಿಲ್ಲ.

ಎಡಕ್ಕೆ ತಿರುಗಿದ. ತುಟಿ ಒಣಗಿತ್ತು. ನಾಲಗೆ ಸವರಿಕೊಂಡು ಮತ್ತೆ ಹಾಕಿದ.

ಢಂ! ಹಿಂದೆಲ್ಲೋ ಬಂಡೆ ಸಿಡಿಯಿತು.

"ನೋಡ್ದಾ? ಎದ್ದೇಬಿಡ್ತು!"

"ಸುಮ್ಕಿರ್ಲೇ!" ಮೇಸ್ತ್ರಿ ಗದರಿದ.

ಬಂತು. ಸಣ್ಣಗೆ, ಉಸಿರಿಲ್ಲದ ಹಾಗೆ. ಎರಡು ಗಿಡ್ಡ, ಒಂದು ಉದ್ದ.

ಗಣಿಯಲ್ಲಿ ಹುಟ್ಟಿ ಬೆಳೆದ ಆಂಜಿನಪ್ಪ ಗಣಿಯೊಳಗೆ ಸಿಳ್ಳೆ ಹಾಕಿದ್ದ. ಕರೆಯುತ್ತಿರುವವರು ಯಾರೆಂದು ಅವನಿಗೆ ಗೊತ್ತಾಗಿತ್ತು. ಕುಪ್ಪುಸ್ವಾಮಿಯ ಕಣ್ಣಲ್ಲಿ ದಳದಳ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಎಡಗಡೆ ಸೂರು ತಗ್ಗಾಗುತ್ತ ಬಂತು. ತೆಪ್ಪದ ಮೇಲೆ ಅಂಗಾತ ಮಲಗಿ, ಬಂಡೆಯನ್ನು ಅಂಗೈಯಿಂದ ತಳ್ಳುತ್ತ ಸಾಗಿದರು. ಕೊನೆಯಲ್ಲಿ, ಮರದ ಅಟ್ಟಣಿಗೆಯ ಮೇಲೆ ಆಂಜಿನಪ್ಪ ಮುದುರಿ ಕೂತಿದ್ದ. ಬೆಳಗಿನಿಂದ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಎಳೆದು ತೆಪ್ಪಕ್ಕೆ ಹಾಕಿಕೊಂಡರು.

ತೆಪ್ಪ ಕುಸಿಯಿತು. ನಾಲ್ವರ ಭಾರ ಅದಕ್ಕೆ ಹೆಚ್ಚು.

"ನಾನ್ ಇಳೀತೀನಿ," ಅಂದ ಕುಪ್ಪುಸ್ವಾಮಿ.

ನೀರಿಗಿಳಿದು, ಎರಡು ಕೈಯಲ್ಲಿ ತೆಪ್ಪ ಹಿಡಿದು ಕಾಲು ಬಡಿದ. ಗದ್ದದ ಮೇಲೆ ಗೇಣು ಜಾಗ ಉಳಿದಿತ್ತು. ಒಂದೆಡೆ ತೆಪ್ಪದಲ್ಲಿ ಮಲಗಿದವರ ಮೂಗಿಗೆ ಬಂಡೆ ಸವರಿತು, ಅವನ ತಲೆಗೆ ಜಾಗವೇ ಇರಲಿಲ್ಲ. ಉಸಿರು ಬಿಗಿಹಿಡಿದು ಮುಳುಗಿ ತಳ್ಳಿದ. ಕೇಜು ತಲುಪಿ, ಮೇಲೆತ್ತುವ ಗಂಟೆ ಹೊಡೆದಾಗ ಅವನು ಸೀನಪ್ಪನ ಹೆಗಲಿಗೆ ಜೋತುಬಿದ್ದಿದ್ದ.

ಮೇಲೆ ಸಂಜೆ ಬಿಸಿಲಿತ್ತು. ಆಂಜಿನಪ್ಪ ಮೊಳೆಯಿಂದ ತನ್ನ ಬಿಲ್ಲೆ ತೆಗೆದುಕೊಂಡ. ಯಾರೋ ಟೀ ತಂದರು. ನಾಲ್ವರೂ ಶಾಫ್ಟಿನ ಕಟ್ಟೆಯ ಮೇಲೆ ಕೂತರು.

ಕುಪ್ಪುಸ್ವಾಮಿ ನೆಲ ನೋಡುತ್ತ ಅಂದ: "ಒಂದು ಸಲ ನನ್ ಸಿಳ್ಳೆಗೆ ಉತ್ರ ಬರ್ಲಿಲ್ಲ ಕಣ್ಲಾ ಆಂಜಿ. ಅದ ನಿಂಗೆ ಏಳಿರ್ಲಿಲ್ಲ."

ಆಂಜಿನಪ್ಪ ಗಲ್ಲಕ್ಕೆ ಕೈಕೊಟ್ಟ. ಬಾಯಿ ತೆರೆದ; ದನಿ ಹೊರಡಲಿಲ್ಲ.

ಪಕ್ಕದಲ್ಲಿ ಜಯರಾಮಪ್ಪ ಮೇಸ್ತ್ರಿ ಟೀ ಲೋಟ ಕೆಳಗಿಟ್ಟು ಕೇಳಿದ:

"ಆಮೇಲೆ?"